ವಿಳಾಸಗಳ ಪಟ್ಟಿ ಯಾರ ಕೈಯಲ್ಲಿದೆ?

"ಟೀಚರ್, ನಾವು ತಿಂಗಳಿಗೊಂದು ಇ-ಮೇಲ್ ಪತ್ರ ಕಳಿಸೋಣ ಅಂತಿದ್ದೇವೆ. ಯಾವ ಕಂಪೆನಿಯಲ್ಲಿ ಖಾತೆ ತೆರೆದರೆ ಒಳ್ಳೆಯದು?"

ದಮ್ಮಾಮಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ರಮಝಾನಿಗೆ ಮುಂಚೆ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅವಳ ಜೊತೆಗೆ ಕಲಿತ ಹುಡುಗಿಯರು ಇಂದು ಊರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳೆಂದು ಹರಡಿ ಹೋಗಿದ್ದಾರೆ. ಅವರನ್ನೆಲ್ಲ ಜೋಡಿಸಲು ಮೊದಲು ಒಂದು ಮೊಬೈಲ್ ಗ್ರೂಪ್ ಮಾಡಿದ್ದರಂತೆ. ಗ್ರೂಪಿಗೆ ಸೇರಿದವಳ ನಂಬರು ಅಲ್ಲಿರುವ ಎಲ್ಲರಿಗೂ ಕಾಣಿಸುತ್ತದೆ. ಯಾರದೋ ಮನೆಯ ಫೋನು ಇನ್ಯಾರದೋ ಕೈಗೆ ಸಿಕ್ಕಿ, ಕೆಲವರಿಗೆ ರಾತ್ರಿ ಹೊತ್ತು ಅಪರಿಚಿತ ಕರೆಗಳು ಬರತೊಡಗಿದವು. ಹತ್ತು ಹನ್ನೆರಡು ಮಂದಿ ಸದ್ದಿಲ್ಲದೆ ಗ್ರೂಪ್ ಬಿಟ್ಟರು. ಮನೆಯಲ್ಲಿ ಯಾರಿಗೂ ಕಾರಣ ಹೇಳದೆ ನಂಬರು ಬದಲಿಸಿದವಳೂ ಇದ್ದಾಳೆ.

ಅದಕ್ಕೇ ಇ-ಮೇಲ್. ಸರಿಯಾದ ರೀತಿಯಲ್ಲಿ ಕಳಿಸಿದರೆ ಒಬ್ಬಳ ವಿಳಾಸ ಇನ್ನೊಬ್ಬಳಿಗೆ ಕಾಣುವುದಿಲ್ಲ. ಓದಿದರೆ ಓದಿದಳು, ಬಿಟ್ಟರೆ ಬಿಟ್ಟಳು. ಬೇಡವೆನಿಸಿದರೆ ಪತ್ರದ ಕೆಳಗಿನ ಒಂದು ಗುಂಡಿ ಒತ್ತಿ ಹೊರಗೆ ಹೋಗಬಹುದು, ಯಾರಿಗೂ ಮುಖ ತೋರಿಸಬೇಕಾಗಿಲ್ಲ. ಮಹಿಳಾ ಸಂಘಗಳು, ಮದ್ರಸದ ಹಳೆ ವಿದ್ಯಾರ್ಥಿನಿಯರು, ಮನೆಯಲ್ಲೇ ಹೊಲಿಗೆ-ಅಡುಗೆ ವ್ಯಾಪಾರ ಮಾಡುವವರು ಈಗ ಈ ದಾರಿ ಹಿಡಿಯುತ್ತಿರುವುದು ಒಳ್ಳೆಯದೇ. ಆದರೆ ಸಹೋದರಿಯರೇ, "ಯಾವ ಕಂಪೆನಿ?" ಎಂಬ ಪ್ರಶ್ನೆ ಕೇಳಲು ಎಷ್ಟು ಸಣ್ಣದೋ ಅಷ್ಟು ಸಣ್ಣದಲ್ಲ. ಮುನ್ನೂರು ಹೆಂಗಸರ ಹೆಸರು ಮತ್ತು ವಿಳಾಸವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಇನ್ನೊಬ್ಬರು ನಂಬಿ ಕೊಟ್ಟ ವಸ್ತುವಿಗೆ ನಮ್ಮಲ್ಲಿ ಅಮಾನತ್ ಎಂದು ಹೆಸರು. ಚಿನ್ನ, ಹಣ ಮಾತ್ರವಲ್ಲ, ವಿಳಾಸವೂ ಅಮಾನತ್ತೇ.

ಕಂಪೆನಿಯೇಕೆ ಬೇಕು?

ನಮ್ಮದೇ ಜಿ-ಮೇಲ್‌ನಿಂದ ಎಲ್ಲರಿಗೂ ಕಳಿಸಿದರಾಗದೇ ಎಂದು ನೀವು ಕೇಳಬಹುದು. ಇಪ್ಪತ್ತು ಮೂವತ್ತು ಮಂದಿಯಾದರೆ ಧಾರಾಳವಾಗಿ ಆಗುತ್ತದೆ. ಸಾಮಾನ್ಯ ಜಿ-ಮೇಲ್ ಖಾತೆಯಿಂದ ದಿನಕ್ಕೆ 500 ಮಂದಿಗಿಂತ ಹೆಚ್ಚು ಜನರಿಗೆ ಕಳಿಸಲು ಬಿಡುವುದಿಲ್ಲ. ಅದಕ್ಕಿಂತ ಮೊದಲೇ ಇನ್ನೊಂದು ಅಪಾಯವಿದೆ. ಅವಸರದಲ್ಲಿ ಒಂದು ಸಾಲಿನ ಬದಲು ಇನ್ನೊಂದು ಸಾಲಿನಲ್ಲಿ ವಿಳಾಸಗಳನ್ನು ತುಂಬಿದರೆ, ಅಷ್ಟೂ ವಿಳಾಸಗಳು ಅಷ್ಟೂ ಮಂದಿಗೆ ಕಾಣಿಸುತ್ತವೆ. ಮೊಬೈಲ್ ಗ್ರೂಪಿನ ಕಥೆಯೇ ಪುನಃ ಶುರು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಬಿಗಿ ನಿಯಮಗಳನ್ನು ತಂದಿವೆ. ಪತ್ರ ನಿಜವಾಗಿ ಆ ಹೆಸರಿನವರಿಂದಲೇ ಬಂದಿದೆ ಎಂಬುದಕ್ಕೆ ತಾಂತ್ರಿಕ ಮುದ್ರೆ ಇರಬೇಕು. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಹೊರಹೋಗುವ ಗುಂಡಿಯನ್ನು ಕೊಡಲೇಬೇಕು. ಸಾವಿರಕ್ಕೆ ಮೂವರು "ಇದು ಕಸ" ಎಂದು ದೂರಿದರೂ ಕಳಿಸುವವರ ಹೆಸರು ಕೆಡುತ್ತದೆ. ಈ ಮುದ್ರೆ, ಗುಂಡಿಗಳ ವ್ಯವಸ್ಥೆಯನ್ನೆಲ್ಲ ಮನೆಯಲ್ಲಿ ಕುಳಿತು ಮಾಡುವುದು ಸುಲಭವಲ್ಲ. ಅಂಚೆ ಕಚೇರಿಯ ಕೆಲಸವನ್ನು ಅಂಚೆ ಕಚೇರಿಯೇ ಮಾಡಲಿ ಎಂದು ಕಂಪೆನಿಗಳ ಬಳಿ ಹೋಗುತ್ತೇವೆ.

ಬಾಡಿಗೆ ಮನೆಯ ಬಾಳಿಕೆ

ಹೋದ ಮೇಲೆ ಆ ಮನೆ ಎಷ್ಟು ದಿನ ನಿಂತಿರುತ್ತದೆ? ಇದನ್ನು ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ. ಟೈನಿಲೆಟರ್ ಎಂಬ ಪುಟ್ಟ ಸೇವೆ 2010ರಲ್ಲಿ ಶುರುವಾಯಿತು. ತಾಂತ್ರಿಕ ಜ್ಞಾನವೇನೂ ಬೇಡ, ಖರ್ಚೂ ಇಲ್ಲ. ಸಾಹಿತ್ಯ, ದಿನಚರಿ, ಊರಿನ ಸುದ್ದಿ ಬರೆಯುವ ಎಷ್ಟೋ ಹೆಂಗಸರು ಅಲ್ಲಿ ಪತ್ರ ನಡೆಸುತ್ತಿದ್ದರು. ಮರುವರ್ಷ ಮೇಲ್‌ಚಿಂಪ್ ಎಂಬ ದೊಡ್ಡ ಕಂಪೆನಿ ಅದನ್ನು ಕೊಂಡಿತು. 2021ರಲ್ಲಿ ಮೇಲ್‌ಚಿಂಪನ್ನೇ ಇಂಟ್ಯೂಟ್ ಎಂಬ ಇನ್ನೂ ದೊಡ್ಡ ಕಂಪೆನಿ ಸುಮಾರು 1200 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2024ರ ಫೆಬ್ರವರಿ 29ರಂದು ಟೈನಿಲೆಟರ್ ಬಾಗಿಲು ಮುಚ್ಚಿತು. ಮೇಲ್‌ಚಿಂಪ್‌ನಲ್ಲಿ ಹಿಂದೆ 2000 ವಿಳಾಸಗಳವರೆಗೆ ಉಚಿತವಿತ್ತು, 2023ರ ಹೊತ್ತಿಗೆ ಅದು 500ಕ್ಕೆ ಇಳಿದಿತ್ತು.

ರೆವ್ಯೂ ಎಂಬ ಇನ್ನೊಂದು ಸೇವೆಯನ್ನು ಟ್ವಿಟರ್ 2021ರ ಜನವರಿಯಲ್ಲಿ ಕೊಂಡು 2023ರ ಜನವರಿಯಲ್ಲಿ ಮುಚ್ಚಿತು. ಎರಡೇ ವರ್ಷ! ನಮ್ಮಲ್ಲಿ ಅನೇಕರಿಗೆ ಪರಿಚಯವಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ನಿಂತಿತು.

ಹಾಗಾದರೆ ಯಾರನ್ನು ನಂಬುವುದು? ಶಾಶ್ವತವಾಗಿ ಇರುತ್ತೇವೆಂದು ಹೇಳುವವರನ್ನಲ್ಲ, ಹೊರಡುವಾಗ ಸಾಮಾನು ಕೊಂಡೊಯ್ಯಲು ಬಿಡುವವರನ್ನು. ಖಾತೆ ತೆರೆಯುವ ಮೊದಲೇ ಹುಡುಕಬೇಕಾದದ್ದು ಒಂದು: ನಮ್ಮ ವಿಳಾಸಗಳ ಪಟ್ಟಿಯನ್ನೂ ಹಳೆಯ ಪತ್ರಗಳನ್ನೂ ಒಂದು ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯ ಎಲ್ಲಿದೆ? ಅದು ಸಿಗದಿದ್ದರೆ ಆ ಮನೆಯ ಹೊಸ್ತಿಲು ತುಳಿಯಬೇಡಿ. ಇದರ ಜೊತೆಗೆ ಸ್ವಂತದ ಜಾಲತಾಣದ ಹೆಸರೊಂದನ್ನು ಕೊಂಡಿಟ್ಟರೆ ಒಳಿತು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಮನೆ ಬದಲಿಸಿದರೂ ಬಾಗಿಲ ಮೇಲಿನ ಹೆಸರು ಹಾಗೇ ಇರುತ್ತದೆ, ಓದುಗರಿಗೆ ಗೊಂದಲವಾಗುವುದಿಲ್ಲ.

ಸಬ್‌ಸ್ಟ್ಯಾಕ್ ವಿವಾದ

ಇಂದು ಪತ್ರ ಶುರುಮಾಡುವವರಿಗೆ ಗೆಳತಿಯರು ಮೊದಲು ಹೇಳುವ ಹೆಸರು ಸಬ್‌ಸ್ಟ್ಯಾಕ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2017ರಲ್ಲಿ ಹುಟ್ಟಿದ ಕಂಪೆನಿ. ಉಚಿತ ಪತ್ರಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಚಂದಾ ಹಣ ಪಡೆಯುವವರಿಂದ ಶೇಕಡಾ 10 ತೆಗೆದುಕೊಳ್ಳುತ್ತದೆ, ಹಣ ಪಾವತಿಯ ಶುಲ್ಕ ಬೇರೆ. ಐದು ನಿಮಿಷದಲ್ಲಿ ಪತ್ರ ಸಿದ್ಧ. ವಿಳಾಸಗಳ ಪಟ್ಟಿಯನ್ನು ಇಳಿಸಿಕೊಳ್ಳಲೂ ಬಿಡುತ್ತದೆ, ಈ ಮೆಚ್ಚುಗೆ ಅದಕ್ಕೆ ಸಲ್ಲಬೇಕು. ಆದರೆ ಇ-ಮೇಲ್ ಕೊಡದೆ ಅದರ ಆ್ಯಪ್‌ನೊಳಗೇ ಹಿಂಬಾಲಿಸುವವರ ವಿಳಾಸ ನಿಮಗೆ ಸಿಗುವುದಿಲ್ಲ. ಅವರು ಕಂಪೆನಿಯ ಅತಿಥಿಗಳು, ನಿಮ್ಮವರಲ್ಲ.

2023ರ ನವೆಂಬರಿನಲ್ಲಿ ಅಮೆರಿಕದ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಜೋನಾಥನ್ ಕಾಟ್ಜ್ ಎಂಬ ಪತ್ರಕರ್ತ ಒಂದು ವರದಿ ಬರೆದರು. ಸಬ್‌ಸ್ಟ್ಯಾಕ್‌ನಲ್ಲಿ ನಾಝಿ ಚಿಹ್ನೆಗಳನ್ನು ಬಹಿರಂಗವಾಗಿ ಹಾಕಿಕೊಂಡ ಕನಿಷ್ಠ 16 ಪತ್ರಗಳಿವೆ, ಅಂಥವರಲ್ಲಿ ಚಂದಾ ಎತ್ತುವವರೂ ಇದ್ದಾರೆ ಎಂದು ಅವರು ತೋರಿಸಿದರು. ಚಂದಾ ಎತ್ತಿದರೆ ಅದರಲ್ಲಿ ಹತ್ತರಲ್ಲೊಂದು ಪಾಲು ಕಂಪೆನಿಗೆ! ಅಲ್ಲೇ ಬರೆಯುತ್ತಿದ್ದ ಇನ್ನೂರಕ್ಕೂ ಹೆಚ್ಚು ಲೇಖಕರು ಡಿಸೆಂಬರಿನಲ್ಲಿ ಬಹಿರಂಗ ಪತ್ರ ಬರೆದು ಉತ್ತರ ಕೇಳಿದರು. ಸ್ಥಾಪಕರಲ್ಲೊಬ್ಬರಾದ ಹ್ಯಾಮಿಶ್ ಮೆಕೆಂಝಿ, ನಮಗೂ ನಾಝಿಗಳು ಇಷ್ಟವಿಲ್ಲ, ಆದರೆ ಅವರ ಬಾಯಿ ಕಟ್ಟಿದರೆ ಅಥವಾ ಆದಾಯ ನಿಲ್ಲಿಸಿದರೆ ಸಮಸ್ಯೆ ಹೋಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ವಿಚಿತ್ರವೆಂದರೆ ಅಶ್ಲೀಲ ಚಿತ್ರಗಳನ್ನು ಇದೇ ಕಂಪೆನಿ ನಿಷೇಧಿಸಿದೆ. ಅಂದರೆ ಗೆರೆ ಎಳೆಯಲು ಬರುವುದಿಲ್ಲ ಎಂದೇನಿಲ್ಲ. ಎಲ್ಲಿ ಎಳೆಯಬೇಕೆಂಬುದು ಅವರ ಆಯ್ಕೆ.

2024ರ ಜನವರಿಯಲ್ಲಿ ಕಂಪೆನಿ ಐದು ಪತ್ರಗಳನ್ನು ತೆಗೆಯಿತು, ನೀತಿ ಬದಲಿಸಲಿಲ್ಲ. ತಂತ್ರಜ್ಞಾನದ ಕುರಿತು ಬರೆಯುವ ಕೇಸಿ ನ್ಯೂಟನ್‌ರ 'ಪ್ಲಾಟ್‌ಫಾರ್ಮರ್' ಎಂಬ ಹೆಸರಾಂತ ಪತ್ರ ಅದೇ ತಿಂಗಳು ಅಲ್ಲಿಂದ ಹೊರಟು ಘೋಸ್ಟ್ ಎಂಬ ಬೇರೆ ಕಡೆಗೆ ಹೋಯಿತು. ವಿಳಾಸಗಳ ಪಟ್ಟಿ ಕೈಯಲ್ಲಿದ್ದುದರಿಂದ ತಾನೇ ಹಾಗೆ ಹೊರಡಲು ಸಾಧ್ಯವಾದದ್ದು? 2025ರ ಜುಲೈಯಲ್ಲಿ ಸಬ್‌ಸ್ಟ್ಯಾಕ್ ನಾಝಿ ಪತ್ರವೊಂದನ್ನು ಓದಿರೆಂದು ಕೆಲವರ ಮೊಬೈಲಿಗೆ ಸೂಚನೆ ಕಳಿಸಿ, ತಪ್ಪಾಯಿತೆಂದು ಕ್ಷಮೆ ಕೇಳಿತು.

ಇದೆಲ್ಲ ದೂರದ ಅಮೆರಿಕದ ಜಗಳ, ನಮಗೇನು ಎನ್ನುವಿರಾ? ನಮ್ಮ ದೇಶದ್ದನ್ನೇ ನೆನಪಿಸಿಕೊಳ್ಳಿ. 2021ರ ಜುಲೈಯಲ್ಲಿ ಒಮ್ಮೆ, 2022ರ ಜನವರಿ 1ರಂದು ಇನ್ನೊಮ್ಮೆ, ಮುಸ್ಲಿಮ್ ಹೆಣ್ಣುಮಕ್ಕಳ ಫೋಟೋಗಳನ್ನು 'ಹರಾಜಿ'ಗೆ ಇಟ್ಟ ಎರಡು ಆ್ಯಪ್‌ಗಳು ಬಂದವು. ಪತ್ರಕರ್ತೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು, ಯಾರನ್ನೂ ಬಿಡಲಿಲ್ಲ. ಅವೆರಡನ್ನೂ ಇಟ್ಟದ್ದು ಗಿಟ್‌ಹಬ್ ಎಂಬ, ಕಂಪ್ಯೂಟರ್ ಇಂಜಿನಿಯರುಗಳೆಲ್ಲ ಬಳಸುವ ಗೌರವಾನ್ವಿತ ತಾಣದಲ್ಲಿ. ದೂರು ಹೋದ ಮೇಲೆ ತಾಣ ಅವುಗಳನ್ನು ಕಿತ್ತುಹಾಕಿತು. ಎರಡನೆಯದರಲ್ಲಿ ಆರೋಪಿಯೊಬ್ಬನನ್ನು ಪೊಲೀಸರು ನಮ್ಮ ಬೆಂಗಳೂರಿನಿಂದಲೇ ಹಿಡಿದುಕೊಂಡು ಹೋದರು. ಜಾಗ ಕೊಡುವವನು ಯಾವುದನ್ನು ಇಟ್ಟುಕೊಳ್ಳುತ್ತಾನೆ, ಯಾವುದನ್ನು ಎಷ್ಟು ಬೇಗ ತೆಗೆಯುತ್ತಾನೆ ಎಂಬುದು ಫೋಟೋದಲ್ಲಿರುವ ಹೆಣ್ಣಿಗೆ ಮಾನದ ಪ್ರಶ್ನೆ.

ಸಬ್‌ಸ್ಟ್ಯಾಕ್‌ನಲ್ಲಿ ಉಳಿದುಕೊಂಡ ಸಜ್ಜನರೂ ಇದ್ದಾರೆ. ನಮ್ಮ ಅನ್ನ ಇಲ್ಲಿದೆ, ಕೆಟ್ಟವರಿಗಾಗಿ ನಾವೇಕೆ ಮನೆ ಬಿಡಬೇಕು ಎಂಬ ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಗಂಡನಿಲ್ಲದೆ ಚಂದಾ ಹಣದಿಂದಲೇ ಮಕ್ಕಳನ್ನು ಸಾಕುವ ಒಬ್ಬಳಿಗೆ ನಾನು "ನಾಳೆಯೇ ಹೊರಡು" ಎನ್ನಲಾರೆ. ಆದರೆ ಇನ್ನೂ ಶುರುವೇ ಮಾಡದವರಿಗೆ ಆ ಕಷ್ಟವಿಲ್ಲ. (ಇದು ಫತ್ವಾ ಅಲ್ಲ, ಅದನ್ನು ಆಲಿಮರು ಹೇಳಲಿ. ಒಬ್ಬ ಶಿಕ್ಷಕಿಯ ಅಭಿಪ್ರಾಯವಷ್ಟೇ.)

ಪತ್ರದೊಳಗೆ ಅಡಗಿದ ಕಣ್ಣು

ಕಂಪೆನಿ ಒಳ್ಳೆಯದಾದರೂ ಇನ್ನೊಂದು ವಿಷಯವಿದೆ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಅಡಗಿಸಿರುತ್ತಾರೆ. ನೀವು ಪತ್ರ ತೆರೆದ ಕೂಡಲೇ ಆ ಚಿತ್ರ ಕಂಪೆನಿಯ ಕಂಪ್ಯೂಟರಿನಿಂದ ಇಳಿದು ಬರುತ್ತದೆ. ಯಾರು, ಯಾವ ಹೊತ್ತಿನಲ್ಲಿ ತೆರೆದರು ಎಂಬ ಲೆಕ್ಕ ಅಲ್ಲಿ ದಾಖಲಾಗುತ್ತದೆ, ಎಷ್ಟೋ ಸಲ ಯಾವ ಊರಿನಿಂದ ಎಂಬುದೂ. ಪತ್ರದಲ್ಲಿರುವ ಕೊಂಡಿಗಳನ್ನು ಒತ್ತಿದರೆ ಅದಕ್ಕೂ ಲೆಕ್ಕ.

ಒಬ್ಬಾಕೆ ರಾತ್ರಿ ಎರಡು ಗಂಟೆಗೆ ತಲಾಖ್, ಜೀವನಾಂಶದ ಕುರಿತ ಲೇಖನವನ್ನು ಮೂರು ಸಲ ತೆರೆದು ಓದಿದಳು ಎಂದುಕೊಳ್ಳಿ. ಆ ಸಂಗತಿ ಪತ್ರ ಕಳಿಸುವ ನಮಗೆ ಗೊತ್ತಾಗಬೇಕೇ? ಅವಳ ಪರಿಚಯದ ಹುಡುಗಿಯೇ ಖಾತೆ ನೋಡಿಕೊಳ್ಳುತ್ತಿದ್ದರೆ? ವ್ಯಾಪಾರಿಗಳಿಗೆ ಈ ಲೆಕ್ಕ ಬೇಕು. ನಮ್ಮಂಥ ಸಂಘಕ್ಕೆ ಯಾಕೆ? ಅದೂ ಅಲ್ಲದೆ ಲೆಕ್ಕ ನಿಜವೂ ಅಲ್ಲ. 2021ರ ಸೆಪ್ಟೆಂಬರಿನಿಂದ ಆ್ಯಪಲ್ ಫೋನುಗಳ ಮೇಲ್ ಆ್ಯಪ್‌ನಲ್ಲಿ ಓದುಗರು ಈ ರಕ್ಷಣೆಯನ್ನು ಆರಿಸಿಕೊಂಡರೆ, ಅವರು ತೆರೆಯದಿದ್ದರೂ ಚಿತ್ರಗಳು ಮೊದಲೇ ಇಳಿಯುತ್ತವೆ. ಹೀಗಾಗಿ ಓದದವರೂ ಓದಿದವರ ಲೆಕ್ಕಕ್ಕೆ ಸೇರುತ್ತಾರೆ.

ಇದನ್ನು ಅತಿ ಶಂಕೆ ಎನ್ನುವವರಿಗೆ ಒಂದು ಉದಾಹರಣೆ. ನಮಾಝಿನ ಸಮಯ, ಕಿಬ್ಲಾದ ದಿಕ್ಕು ತೋರಿಸುವ 'ಮುಸ್ಲಿಮ್ ಪ್ರೊ' ಆ್ಯಪನ್ನು ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನ ಇಳಿಸಿಕೊಂಡಿದ್ದಾರೆ. ಅದರ ಬಳಕೆದಾರರು ಎಲ್ಲಿದ್ದಾರೆಂಬ ಮಾಹಿತಿ ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪೆನಿಗೆ ಹೋಗುತ್ತಿತ್ತು, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕ ಸೇನೆಯ ಗುತ್ತಿಗೆದಾರರೂ ಇದ್ದರು ಎಂದು 2020ರ ನವೆಂಬರಿನಲ್ಲಿ 'ಮದರ್‌ಬೋರ್ಡ್' ಎಂಬ ಸುದ್ದಿತಾಣ ಬಯಲು ಮಾಡಿತು. ಸಂಬಂಧ ಕಡಿದುಕೊಂಡೆವೆಂದು ಆ್ಯಪ್‌ನವರು ಆಗ ಹೇಳಿದರು. ಆ ದಲ್ಲಾಳಿ ಕಂಪೆನಿ ಜನರ ಸೂಕ್ಷ್ಮ ಸ್ಥಳ ಮಾಹಿತಿಯನ್ನು ಮಾರದಂತೆ ಅಮೆರಿಕದ ವಾಣಿಜ್ಯ ಆಯೋಗ ಕ್ರಮ ಕೈಗೊಂಡದ್ದು 2024ರ ಜನವರಿಯಲ್ಲಿ. ಅಸರ್ ನಮಾಝಿಗೆ ಹೊತ್ತಾಯಿತೇ ಎಂದು ನೋಡಲು ಕೊಟ್ಟ ಮಾಹಿತಿ ಎಲ್ಲಿಗೆ ಹೋಯಿತು ನೋಡಿ!

ಆದ್ದರಿಂದ ತೆರೆದವರ ಲೆಕ್ಕ ಇಡುವುದನ್ನು ಪೂರ್ತಿ ನಿಲ್ಲಿಸುವ ಅವಕಾಶ ಸೆಟ್ಟಿಂಗ್‌ನಲ್ಲಿ ಇದೆಯೇ ಎಂದು ಮೊದಲೇ ನೋಡಿ. ಇದ್ದರೆ ನಿಲ್ಲಿಸಿ, ನಿಲ್ಲಿಸಿದ್ದೇವೆಂದು ಪತ್ರದಲ್ಲಿ ಒಂದು ಸಾಲು ಬರೆಯಿರಿ.

ಹೆಂಗಸರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಾಣಿಜ್ಯ ಇ-ಮೇಲಿನಲ್ಲಿ ಕಳಿಸುವವರ ಅಂಚೆ ವಿಳಾಸ ಇರಲೇಬೇಕೆಂದು ಅಮೆರಿಕದಲ್ಲಿ 2003ರ ಕಾನೂನಿದೆ. ಹಾಗಾಗಿ ಖಾತೆ ತೆರೆಯುವಾಗ ಕೆಲವು ಕಂಪೆನಿಗಳು ವಿಳಾಸ ಕೇಳುತ್ತವೆ. ಮುಗ್ಧವಾಗಿ ಮನೆಯ ವಿಳಾಸ ತುಂಬಿದರೆ ಅದು ಪ್ರತಿ ಪತ್ರದ ಅಡಿಯಲ್ಲೂ ಅಚ್ಚಾಗಿ ಎಲ್ಲರಿಗೂ ಹೋಗುತ್ತದೆ! ಸಂಘದ ಕಚೇರಿಯ ವಿಳಾಸ ಕೊಡಿ, ಇಲ್ಲವೇ ಅಂಚೆ ಕಚೇರಿಯಲ್ಲಿ ಪೆಟ್ಟಿಗೆ ಸಂಖ್ಯೆ ಪಡೆಯಿರಿ. ಮೊದಲ ಪತ್ರವನ್ನು ನಿಮಗೇ ಕಳಿಸಿಕೊಂಡು ಕೊನೆಯ ಸಾಲಿನವರೆಗೂ ನೋಡಿ.

ಹಾಗಾದರೆ ಎಲ್ಲಿಗೆ ಹೋಗುವುದು?

ಆ ಹುಡುಗಿಗೆ ನಾನು ಮೂರು ಹೆಸರು ಹೇಳಿದೆ.

ಘೋಸ್ಟ್ ಎಂಬುದನ್ನು 2013ರಲ್ಲಿ ಜಾನ್ ಓ'ನೋಲನ್ ಮತ್ತು ಹನ್ನಾ ವುಲ್ಫ್ ಜನರಿಂದ ಚಂದಾ ಎತ್ತಿ ಶುರುಮಾಡಿದರು. ಲಾಭಕ್ಕಾಗಿ ನಡೆಸದ ಪ್ರತಿಷ್ಠಾನವಾದ್ದರಿಂದ ಯಾವ ಶ್ರೀಮಂತನೂ ಅದರ ಷೇರು ಕೊಂಡು ಒಡೆಯನಾಗಲಾರ. ಚಂದಾದಲ್ಲಿ ಪಾಲು ಕೇಳುವುದಿಲ್ಲ, ಮಾಸಿಕ ಬಾಡಿಗೆ ಮಾತ್ರ. ಆ ಬಾಡಿಗೆ ಡಾಲರ್ ಲೆಕ್ಕದಲ್ಲಿ ಇರುವುದರಿಂದ ನಮ್ಮ ಸಣ್ಣ ಸಂಘಗಳಿಗೆ ಭಾರವೇ. ಅದರ ತಂತ್ರಾಂಶ ಎಲ್ಲರಿಗೂ ಮುಕ್ತ, ಬೇಕಾದವರು ತಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು. ಆಗ ಪತ್ರ ಸಾಗಿಸಲು ಬೇರೆ ಕಂಪೆನಿಗೆ ಹಣ ಕೊಡಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯದು ಬಟನ್‌ಡೌನ್. ಚಿಕ್ಕ ಕಂಪೆನಿ, ಆಡಂಬರವಿಲ್ಲ. ಮೊದಲ 100 ವಿಳಾಸಗಳಿಗೆ ಹಣ ಕೇಳುವುದಿಲ್ಲ, ತೆರೆದವರ ಲೆಕ್ಕವನ್ನು ನಿಲ್ಲಿಸಬಹುದು. ಮೊದಲ ಸಲ ಪ್ರಯತ್ನಿಸುವ ಗೃಹಿಣಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ನಮ್ಮ ಬೆಂಗಳೂರಿನದ್ದೇ ಎಂದು ಹೇಳಲು ಖುಷಿಯಾಗುತ್ತದೆ. ಷೇರು ವ್ಯವಹಾರದ ಝೆರೋಧಾ ಕಂಪೆನಿಯ ತಾಂತ್ರಿಕ ಮುಖ್ಯಸ್ಥ ಕೈಲಾಶ್ ನಾಧ್ ರೂಪಿಸಿ 2019ರಲ್ಲಿ ಹೊರತಂದ ಲಿಸ್ಟ್‌ಮಂಕ್. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಲಕ್ಷಗಟ್ಟಲೆ ವಿಳಾಸಗಳನ್ನು ನಿಭಾಯಿಸುತ್ತದೆ. ವಿಳಾಸಗಳ ಪಟ್ಟಿ ನಾವು ಬಾಡಿಗೆಗೆ ಪಡೆದ ಕಂಪ್ಯೂಟರಿನಲ್ಲೇ ಇರುತ್ತದೆ, ನಡುವೆ ಇನ್ನೊಬ್ಬನ ಖಾತೆ ಪುಸ್ತಕ ಇಲ್ಲ. ಆದರೆ ಇದನ್ನು ಹಾಕಿ ನಡೆಸಲು ಬಲ್ಲವರು ಬೇಕು. ಸಂಘದಲ್ಲಿ ಯಾರದಾದರೂ ಮಗಳು ಇಂಜಿನಿಯರಿಂಗ್ ಕಲಿಯುತ್ತಿದ್ದರೆ ಅವಳಿಗೆ ಈ ಕೆಲಸ ಒಪ್ಪಿಸಿ. ಅವಳು ಮದುವೆಯಾಗಿ ಹೋದರೆ ಮುಂದೆ ಯಾರು ಎಂಬುದನ್ನೂ ಈಗಲೇ ಯೋಚಿಸಿ!

ಲಿಸ್ಟ್‌ಮಂಕ್ ಕೂಡಾ ಪತ್ರ ಸಾಗಿಸಲು ಬೇರೊಂದು ಸೇವೆಯನ್ನು ಅವಲಂಬಿಸುತ್ತದೆ. ಅಗ್ಗದ್ದೆಂದರೆ ಅಮೆಝಾನಿನದು, ಸಾವಿರ ಪತ್ರಕ್ಕೆ 10 ಸೆಂಟ್, ಅಂದರೆ ಹತ್ತು ರೂಪಾಯಿಯ ಆಸುಪಾಸು. ಇಲ್ಲಿ ನನ್ನ ವಿದ್ಯಾರ್ಥಿನಿ ತಟ್ಟನೆ ಕೇಳಿದಳು: "ಟೀಚರ್, ಇಸ್ರೇಲ್ ಸರಕಾರಕ್ಕೆ ಕಂಪ್ಯೂಟರ್ ಸೇವೆ ಕೊಡಲು 2021ರಲ್ಲಿ ಗುತ್ತಿಗೆ ಹಿಡಿದದ್ದು ಗೂಗಲ್, ಅಮೆಝಾನ್ ತಾನೇ?" ಹೌದು, ನಿಂಬಸ್ ಎಂಬ 120 ಕೋಟಿ ಡಾಲರಿನ ಆ ಗುತ್ತಿಗೆ ಅವರದ್ದೇ. ನಾವು ಎಷ್ಟೇ ಶುದ್ಧ ಮನೆಯಿಂದ ಪತ್ರ ಕಳಿಸಿದರೂ ಅದು ಕೊನೆಗೆ ತಲುಪುವುದು ಓದುಗರ ಜಿ-ಮೇಲ್ ಪೆಟ್ಟಿಗೆಗೆ. ಇದಕ್ಕೆ ಪೂರ್ತಿ ಪರಿಹಾರ ನನ್ನ ಬಳಿ ಇಲ್ಲ. ಓದುಗಳು ಯಾವ ಅಂಚೆ ಪೆಟ್ಟಿಗೆ ಇಟ್ಟುಕೊಂಡಿದ್ದಾಳೆಂಬುದು ಅವಳ ಕೈಯಲ್ಲಿದೆ. ಅವಳ ವಿಳಾಸವನ್ನು ಎಲ್ಲಿಡಬೇಕು, ಯಾವ ಅಂಚೆಯವನಿಗೆ ಹಣ ಕೊಡಬೇಕು ಎಂಬುದು ನಮ್ಮ ಕೈಯಲ್ಲಿದೆ. ಅಮೆಝಾನ್ ಬೇಡವೆನಿಸಿದರೆ ಲಿಸ್ಟ್‌ಮಂಕ್‌ಗೆ ಬೇರೆ ಸಾಗಣೆ ಸೇವೆಯನ್ನೂ ಜೋಡಿಸಬಹುದು, ಸ್ವಲ್ಪ ಹೆಚ್ಚು ಖರ್ಚಾದೀತು. ಆ ಹೆಚ್ಚಿನ ಖರ್ಚನ್ನು ಹಂಚಿಕೊಳ್ಳಲು ಅವಳ ಗೆಳತಿಯರು ಒಪ್ಪಿದ್ದಾರಂತೆ.

ಅನುಮತಿ ಕೇಳಿ

ಕಂಪೆನಿ ಆರಿಸಿದ ಮೇಲೆ ಉಳಿದದ್ದು ನಮ್ಮ ನಡತೆ. ಮದುವೆಯ ಆಮಂತ್ರಣ ಪಟ್ಟಿಯಿಂದಲೋ ಮಕ್ಕಳ ಶಾಲೆಯ ದಾಖಲೆಯಿಂದಲೋ ವಿಳಾಸ ಎತ್ತಿ ಸೇರಿಸುವವರನ್ನು ನಾನು ನೋಡಿದ್ದೇನೆ. ಸಲಾಂ ಹೇಳಿ ಅನುಮತಿ ಸಿಕ್ಕಿದ ಮೇಲೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬೇಕೆಂದು ಮಕ್ಕಳಿಗೆ ಕಲಿಸುವ ನಾವು, ಅವರ ಪತ್ರದ ಪೆಟ್ಟಿಗೆಗೆ ಹೇಳದೆ ನುಗ್ಗಬಹುದೇ? ಹೆಸರು ಕೊಟ್ಟವಳಿಗೆ ಮೊದಲು ಒಂದು ಖಾತರಿ ಪತ್ರ ಹೋಗಿ, ಅವಳು ಹೌದು ಎಂದು ಒತ್ತಿದ ಮೇಲಷ್ಟೇ ಪಟ್ಟಿಗೆ ಸೇರುವ ವ್ಯವಸ್ಥೆ ಈ ಮೂರು ಕಡೆಗಳಲ್ಲೂ ಇದೆ. ಅದನ್ನು ಬಳಸಿ.

ಕಾನೂನೂ ಈಗ ಅದೇ ದಿಕ್ಕಿಗೆ ಬರುತ್ತಿದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯಿದೆ ಮಾಡಿತು, 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುವಂತೆ ಇಟ್ಟಿದ್ದಾರೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು ಎಂಬುದು ಅದರ ಒಂದು ಮುಖ್ಯ ಅಂಶ.

ಕೊನೆಗೆ ಖಾತೆಯ ಕೀಲಿಕೈ. ಪಾಸ್‌ವರ್ಡ್ ಒಬ್ಬಳ ಬಳಿ ಮಾತ್ರ ಇರಬಾರದು, ಆರು ಮಂದಿಯ ಬಳಿಯೂ ಇರಬಾರದು. ಇಬ್ಬರು ಸಾಕು. ತಿಂಗಳಿಗೊಮ್ಮೆ ಪಟ್ಟಿಯನ್ನು ಇಳಿಸಿ, ಪಾಸ್‌ವರ್ಡ್ ಹಾಕಿ ಇಟ್ಟುಕೊಳ್ಳಿ. ಹೊಸದು ಇಳಿಸಿದ ದಿನವೇ ಹಳೆಯದನ್ನು ಅಳಿಸಿಬಿಡಿ. ಬೇಡವೆಂದು ಹೊರಟು ಹೋದವಳ ಹೆಸರು ಹಳೆಯ ಕಡತದಲ್ಲಿ ಉಳಿದಿರುತ್ತದೆ. ಮುಂದೆ ಎಂದಾದರೂ ಕಂಪೆನಿ ಬದಲಿಸಿ ಆ ಕಡತವನ್ನೇ ಏರಿಸಿದರೆ, ಅವಳ ಮನೆ ಬಾಗಿಲಿಗೆ ನಮ್ಮ ಪತ್ರ ಪುನಃ ಹೋಗಿ ನಿಲ್ಲುತ್ತದೆ.